ಸೆಕೆಂಡ್ ಹ್ಯಾಂಡ್ ಕಾರಿನ ರೋಡ್ ಟ್ಯಾಕ್ಸ್: ಬಾನೆಟ್ ಎತ್ತುವ ಮೊದಲು ನಂಬರ್ ಪ್ಲೇಟ್ ನೋಡಿ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ, ಟೈರಿಗೆ ಒಂದು ಒದೆ ಕೊಡುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳುತ್ತಾರೆ. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ನಂಬರ್ ಪ್ಲೇಟ್. ಅದು ಕೆಎ ಅಂತ ಶುರುವಾದರೆ ರೋಡ್ ಟ್ಯಾಕ್ಸಿನ ತಲೆನೋವು ಮುಕ್ಕಾಲು ಪಾಲು ಇಲ್ಲ ಅಂತಲೇ ಲೆಕ್ಕ. ಡಿಎಲ್, ಎಚ್‌ಆರ್, ಎಂಎಚ್, ಟಿಎನ್, ಪಿವೈ ಅಂತ ಹೊರಗಿನ ಅಕ್ಷರ ಇದ್ದರೆ, ಮಾರುವವರು ಹೇಳುತ್ತಿರುವ ಬೆಲೆ ಪೂರ್ತಿ ಬೆಲೆ ಅಲ್ಲ. ಅದರ ಮೇಲೆ ಒಂದು, ಒಂದೂವರೆ ಲಕ್ಷ, ದೊಡ್ಡ ಗಾಡಿ ಆದರೆ ಇನ್ನೂ ಜಾಸ್ತಿ, ನೀವು ಸರ್ಕಾರಕ್ಕೆ ಕಟ್ಟಬೇಕಾಗುತ್ತದೆ. ಈ ಲೆಕ್ಕವನ್ನು ಟೋಕನ್ ಅಡ್ವಾನ್ಸ್ ಕೊಡುವ ಮೊದಲೇ ಹಾಕಿಕೊಳ್ಳಿ, ಕೊಟ್ಟ ಮೇಲೆ ಹಾಕಿ ಏನೂ ಪ್ರಯೋಜನವಿಲ್ಲ.

ನಾನು ಇಲ್ಲಿ ಹೇಳುತ್ತಿರುವುದು ಕರ್ನಾಟಕದಲ್ಲಿ ಇದ್ದು, ಇಲ್ಲೇ ಓಡಿಸಲು, ವೈಟ್ ಬೋರ್ಡ್ ಕಾರು ಕೊಳ್ಳುವವರಿಗೆ.

ಕೆಎ ಗಾಡಿ ಆದರೆ

ಕರ್ನಾಟಕದಲ್ಲಿ ಖಾಸಗಿ ಕಾರಿನ ತೆರಿಗೆ ಹೊಸದಾಗಿ ಕೊಂಡಾಗಲೇ ಒಂದೇ ಸಲ ಕಟ್ಟಿ ಮುಗಿಯುತ್ತದೆ. ಲೈಫ್ ಟೈಮ್ ಟ್ಯಾಕ್ಸ್, ಆರ್‌ಟಿಒ ಭಾಷೆಯಲ್ಲಿ ಎಲ್‌ಟಿಟಿ. ಇದು ಓನರ್ ಜೊತೆ ಹೋಗುವುದಿಲ್ಲ, ಗಾಡಿಯ ಜೊತೆಗೇ ಇರುತ್ತದೆ. ಶಿವಮೊಗ್ಗದ ಕೆಎ-14 ಗಾಡಿಯನ್ನು ಮೈಸೂರಿನವರು ಕೊಂಡರೂ ಹೊಸದಾಗಿ ಒಂದು ರೂಪಾಯಿ ರೋಡ್ ಟ್ಯಾಕ್ಸ್ ಇಲ್ಲ, ನಂಬರ್ ಕೂಡ ಅದೇ ಇರುತ್ತದೆ. ಎಷ್ಟು ಕೈ ಬದಲಾದರೂ ಅಷ್ಟೇ.

ಹಾಗಾದರೆ ಖರ್ಚು ಏನು? ಕಾರಿನ ಹೆಸರು ಬದಲಾವಣೆಗೆ ಸರ್ಕಾರಿ ಶುಲ್ಕ 300 ರೂಪಾಯಿ, ಸ್ಮಾರ್ಟ್ ಕಾರ್ಡ್‌ಗೆ 200. ಸಾಲ ಮಾಡಿ ಕೊಳ್ಳುತ್ತಿದ್ದರೆ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಸೇರಿಸಲು 1500. ಇದರ ಅಕ್ಕಪಕ್ಕ ಅಷ್ಟಿಷ್ಟು ಸೇವಾ ಶುಲ್ಕ ಸೇರಬಹುದು, ಅಷ್ಟೇ. ಬ್ರೋಕರ್ ಒಬ್ಬರು "ಸಾರ್, ಟ್ಯಾಕ್ಸ್ ಟ್ರಾನ್ಸ್‌ಫರ್ ಚಾರ್ಜ್ ಬೇರೆ ಇದೆ" ಅಂದರೆ ರಸೀದಿ ತೋರಿಸಿ ಅನ್ನಿ. ಅಂಥ ಶುಲ್ಕವೇ ಇಲ್ಲ. ಅವರ ಓಡಾಟಕ್ಕೆ ಕೂಲಿ ಕೇಳಿದರೆ ಕೊಡಿ, ಅದು ಬೇರೆ ಮಾತು. ಆದರೆ ತೆರಿಗೆ ಅಂತ ಹೆಸರಿಟ್ಟು ಕೇಳಬಾರದು, ಅಲ್ವಾ?

ಕೆಎ ಇದೆ ಅಂತ ಸುಮ್ನೆ ನಂಬಿ ಬಿಡಬೇಡಿ. ಎಂಪರಿವಾಹನ್ ಆ್ಯಪ್ ತೆರೆದು ಗಾಡಿ ನಂಬರ್ ಹಾಕಿ. ಓನರ್ ಹೆಸರಿನ ಕೆಲವು ಅಕ್ಷರ ನಕ್ಷತ್ರ ಚಿಹ್ನೆಯಲ್ಲಿ ಮುಚ್ಚಿರುತ್ತವೆ, ಉಳಿದದ್ದು ಕಾಣುತ್ತದೆ. ಅದರಲ್ಲಿ ತೆರಿಗೆ ಎಲ್ಲಿಯವರೆಗೆ ಅನ್ನುವ ಸಾಲು ಹುಡುಕಿ. ಅಲ್ಲಿ ಎಲ್‌ಟಿಟಿ ಅಂತ ಇದ್ದರೆ ಒಳ್ಳೆಯದು. ಎಲ್‌ಟಿಟಿ ಬದಲು ಒಂದು ತಾರೀಖು ಇದ್ದರೆ ಅಲ್ಲೇ ನಿಲ್ಲಿ. ಯಾಕೆ ತಾರೀಖು ಅಂತ ಕೇಳಿ. ಅದು ಹಿಂದೆ ಟ್ಯಾಕ್ಸಿ ಆಗಿತ್ತೇ, ಎಲ್ಲ ರಾಜ್ಯಕ್ಕೂ ನಡೆಯುವ ಬಿಎಚ್ ಸೀರೀಸ್ ನಂಬರಿನ ಗಾಡಿಯೇ, ತಿಳಿದುಕೊಳ್ಳದೆ ಮುಂದೆ ಹೋಗಬೇಡಿ. ಅದೇ ಪುಟದಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು, ಇನ್ಶೂರೆನ್ಸ್, ಎಮಿಷನ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ತಾರೀಖು, ಬ್ಲ್ಯಾಕ್‌ಲಿಸ್ಟ್ ಆಗಿದೆಯಾ ಇಲ್ಲವಾ ಅನ್ನುವುದೂ ಇರುತ್ತದೆ. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ.

ಹಳೆಯ ಗಾಡಿ ಆಗಿದ್ದು, ಆ್ಯಪ್‌ನಲ್ಲಿ ವಿವರ ಅರ್ಧಂಬರ್ಧ ಇದ್ದರೆ, ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ ಅಂತ ಮಾರುವವರಿಗೆ ಹೇಳಿ. ಆರ್‌ಟಿಒ ರಿಜಿಸ್ಟರಿನಲ್ಲಿ ಆ ಗಾಡಿಯ ಬಗ್ಗೆ ಏನೇನು ಬರೆದಿದೆಯೋ ಅದರ ನಕಲು ಅದು. ಮೊದಲ ಓನರ್ ಯಾರು, ತೆರಿಗೆ ಯಾವಾಗ ಕಟ್ಟಿದರು, ಸಾಲದ ಎಂಟ್ರಿ ಎತ್ತಿದ್ದಾರಾ, ಎಲ್ಲ ಅದರಲ್ಲಿ ಸಿಗುತ್ತದೆ. ಬ್ಯಾಂಕ್ ಸಾಲ ತೀರಿ ವರ್ಷಗಳೇ ಕಳೆದಿದ್ದರೂ ಎಚ್‌ಪಿ, ಅಂದರೆ ಆರ್‌ಸಿಯಲ್ಲಿರುವ ಸಾಲದ ಎಂಟ್ರಿ, ಕ್ಯಾನ್ಸಲ್ ಮಾಡಿಸದೆ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಫಾರಂ 35 ಕೈಗೆ ಬರದೆ ಗಾಡಿ ನಿಮ್ಮ ಹೆಸರಿಗೆ ಬರುವುದಿಲ್ಲ. ಆ ಕೆಲಸ ಮಾರುವವರದ್ದು, ನಿಮ್ಮದಲ್ಲ.

ಹೊರ ರಾಜ್ಯದ ಗಾಡಿ: ನಿಜವಾದ ಲೆಕ್ಕ ಇಲ್ಲಿದೆ

ದೆಹಲಿ ಕಡೆಯ ಗಾಡಿಗಳು ಬೆಂಗಳೂರಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಅದಕ್ಕೆ ಕಾರಣವೂ ಇದೆ. ಅಲ್ಲಿ ತೆರಿಗೆಯೇ ಕಡಿಮೆ. ಜೊತೆಗೆ ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ 2015ರಿಂದ ಹಸಿರು ನ್ಯಾಯಮಂಡಳಿಯ ಕತ್ತಿ ತೂಗುತ್ತಿತ್ತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು, 2025ರಲ್ಲಿ ಅದೇ ಕೋರ್ಟ್ ಅದನ್ನು ಸಡಿಲಿಸಿತು. ಆ ಭಯಕ್ಕೆ ಎಂಟು ಒಂಬತ್ತು ವರ್ಷದ ಡೀಸೆಲ್ ಗಾಡಿ ಇದ್ದವರು ಬಂದಷ್ಟಕ್ಕೆ ಕೊಟ್ಟು ಕೈತೊಳೆದುಕೊಳ್ಳಲು ನೋಡುತ್ತಿದ್ದರು. ಗಾಡಿ ಚೆನ್ನಾಗಿಯೇ ಇರಬಹುದು. ತೊಂದರೆ ಇರುವುದು ತೆರಿಗೆಯ ಲೆಕ್ಕದಲ್ಲಿ.

ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. "ನಾನು ಕೊಟ್ಟಿದ್ದು ಆರು ಲಕ್ಷ, ಆರು ಲಕ್ಷದ ಮೇಲೆ ತಾನೇ ಟ್ಯಾಕ್ಸ್?" ಅಂತ ಅಂದುಕೊಳ್ಳುತ್ತಾರೆ. ಅಲ್ಲ. ಆ ಕಾರನ್ನು ಮೊದಲ ಓನರ್ ಹೊಸದಾಗಿ ಕೊಂಡಾಗ ಇನ್‌ವಾಯ್ಸ್‌ನಲ್ಲಿ ಎಷ್ಟು ಬೆಲೆ ಇತ್ತೋ ಅದರ ಮೇಲೆ ಲೆಕ್ಕ. ನೀವು ಕೊಟ್ಟ ಬೆಲೆಯನ್ನು ಆರ್‌ಟಿಒ ಕೇಳುವುದೂ ಇಲ್ಲ.

ಹೊಸ ಕಾರಿಗೆ ಕರ್ನಾಟಕದ ದರ ಹೀಗಿದೆ: 5 ಲಕ್ಷದವರೆಗೆ ಶೇ. 13, 5ರಿಂದ 10 ಲಕ್ಷಕ್ಕೆ ಶೇ. 14, 10ರಿಂದ 20 ಲಕ್ಷಕ್ಕೆ ಶೇ. 17, 20 ಲಕ್ಷ ದಾಟಿದರೆ ಶೇ. 18. ಬಂದ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ದೇಶದಲ್ಲೇ ದುಬಾರಿ ದರಗಳಲ್ಲಿ ನಮ್ಮದೂ ಒಂದು, ಬೈದುಕೊಂಡರೂ ಕಟ್ಟಲೇಬೇಕು. ಹೊರಗಿನಿಂದ ಬಂದ ಹಳೆಯ ಗಾಡಿಗೆ ಇದರಲ್ಲಿ ವಯಸ್ಸಿಗೆ ತಕ್ಕಂತೆ ರಿಯಾಯಿತಿ ಸಿಗುತ್ತದೆ. 2 ವರ್ಷದೊಳಗಿನದ್ದಾದರೆ ಹೊಸ ಗಾಡಿಯ ತೆರಿಗೆಯ ಶೇ. 93 ಕಟ್ಟಬೇಕು, 2ರಿಂದ 3 ವರ್ಷ ಆಗಿದ್ದರೆ ಶೇ. 87, 3ರಿಂದ 4 ಆದರೆ 81, 4ರಿಂದ 5ಕ್ಕೆ 75, 5ರಿಂದ 6ಕ್ಕೆ 69. ಹೀಗೆ ಇಳಿಯುತ್ತಾ ಹೋಗಿ 9 ದಾಟಿ 10ರೊಳಗಿದ್ದರೆ ಅರ್ಧದ ಹತ್ತಿರ, ಶೇ. 49ಕ್ಕೆ ಬರುತ್ತದೆ. 15 ದಾಟಿದರೂ ಸೊನ್ನೆ ಆಗುವುದಿಲ್ಲ, ಶೇ. 25 ಉಳಿದೇ ಇರುತ್ತದೆ. ವಯಸ್ಸು ಎಣಿಸುವುದು ಮೊದಲ ರಿಜಿಸ್ಟ್ರೇಷನ್ ತಾರೀಖಿನಿಂದ. ಗಾಡಿ ನಿಮ್ಮ ಕೈಗೆ ಬಂದ ದಿನಕ್ಕೂ ಅದಕ್ಕೂ ಸಂಬಂಧ ಇಲ್ಲ.

ಒಂದು ಲೆಕ್ಕ ಹಾಕಿಯೇ ನೋಡೋಣ. ಹೊಸದಾಗಿದ್ದಾಗ 12 ಲಕ್ಷ ಬೆಲೆಯ ಕಾರು, ಐದೂವರೆ ವರ್ಷ ಆಗಿದೆ, ದೆಹಲಿ ರಿಜಿಸ್ಟ್ರೇಷನ್ ಅಂತ ಇಟ್ಟುಕೊಳ್ಳಿ. 12 ಲಕ್ಷಕ್ಕೆ ಶೇ. 17 ಅಂದರೆ 2,04,000. ಅದರಲ್ಲಿ ಶೇ. 69 ಅಂದರೆ 1,40,760. ಇದರ ಮೇಲೆ ಶೇ. 11 ಸೆಸ್ 15,484. ಒಟ್ಟು 1,56,244 ರೂಪಾಯಿ. ಈಗ ಅದೇ ಮಾಡೆಲ್, ಅದೇ ವರ್ಷದ ಕೆಎ ಗಾಡಿ 7 ಲಕ್ಷಕ್ಕೆ ಸಿಗುತ್ತಿದೆ, ದೆಹಲಿ ಗಾಡಿ 5 ಲಕ್ಷ 75 ಸಾವಿರಕ್ಕೆ ಸಿಗುತ್ತಿದೆ ಅನ್ನಿ. ಒಂದೂಕಾಲು ಲಕ್ಷ ಉಳಿಯಿತು ಅಂತ ಖುಷಿಪಟ್ಟವರು ಒಂದೂವರೆ ಲಕ್ಷಕ್ಕೂ ಮೇಲೆ ತೆರಿಗೆ ಕಟ್ಟಿ, ಲಾರಿ ಬಾಡಿಗೆ ಕೊಟ್ಟು, ಎನ್‌ಒಸಿಗೆ ಓಡಾಡಿ, ಕೊನೆಗೆ ಇಲ್ಲಿನದ್ದಕ್ಕಿಂತ ಜಾಸ್ತಿಯೇ ಕೊಟ್ಟಿರುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಐದಾರು ವರ್ಷದೊಳಗಿನ ಸಾಧಾರಣ ಕಾರನ್ನು ಹೊರಗಿನಿಂದ ತರುವುದು ದಂಡ. ಇಲ್ಲಿ ಸಿಗದೇ ಇರುವ ಮಾಡೆಲ್ ಆದರೆ, ಅಥವಾ ಬೆಲೆಯಲ್ಲಿ ತೆರಿಗೆಯ ಎರಡರಷ್ಟು ವ್ಯತ್ಯಾಸ ಇದ್ದರೆ ಯೋಚನೆ ಮಾಡಬಹುದು.

ಇನ್ನೊಂದು ಸೂಕ್ಷ್ಮ ಇದೆ. 10 ಲಕ್ಷದ ಗಡಿಯ ಆಚೀಚೆ ಇರುವ ಗಾಡಿಗಳ ಇನ್‌ವಾಯ್ಸ್ ಸರಿಯಾಗಿ ನೋಡಿ. 9 ಲಕ್ಷ 90 ಸಾವಿರಕ್ಕೆ ಶೇ. 14, 10 ಲಕ್ಷ 10 ಸಾವಿರಕ್ಕೆ ಶೇ. 17. ಬೆಲೆಯಲ್ಲಿ 20 ಸಾವಿರದ ವ್ಯತ್ಯಾಸ, ಹೊಸ ಗಾಡಿಯ ತೆರಿಗೆಯಲ್ಲಿ 33 ಸಾವಿರದ ವ್ಯತ್ಯಾಸ, ಸೆಸ್ ಬೇರೆ. ಆರ್‌ಸಿ ಕಾರ್ಡಿನಲ್ಲಿ ಮೂಲ ಬೆಲೆ ಇರುವುದಿಲ್ಲ, ಹಾಗಾಗಿ ಮೊದಲ ಓನರ್ ಹತ್ತಿರ ಇರುವ ಶೋರೂಂ ಇನ್‌ವಾಯ್ಸ್‌ನ ಪ್ರತಿ ಕೇಳಿ ಪಡೆಯಿರಿ. ಅದು ಕೈಯಲ್ಲಿದ್ದರೆ ಕೌಂಟರಿನಲ್ಲಿ ವಾದ ಇರುವುದಿಲ್ಲ.

"ಒಂದು ವರ್ಷ ಹಾಗೇ ಓಡಿಸಿ ಸಾರ್, ಯಾರೂ ಕೇಳಲ್ಲ"

ಹೊರ ರಾಜ್ಯದ ಗಾಡಿ ಮಾರುವವರೆಲ್ಲ ಹೇಳುವ ಮಾತು ಇದು. ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಹಿನ್ನೆಲೆ ತಿಳಿದುಕೊಂಡರೆ ಒಳ್ಳೆಯದು.

2014ರಲ್ಲಿ ಕರ್ನಾಟಕ ತನ್ನ ಮೋಟಾರು ವಾಹನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರಗಿನ ಗಾಡಿ 30 ದಿನಕ್ಕಿಂತ ಜಾಸ್ತಿ ಇಲ್ಲಿದ್ದರೆ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಬೇಕು ಅಂದಿತು. ಐಟಿ ಕೆಲಸಕ್ಕೆ ಬಂದವರ ಗಾಡಿಗಳನ್ನು ರಸ್ತೆಯಲ್ಲಿ ನಿಲ್ಲಿಸಿ ಕೇಳುವುದು ಶುರುವಾಯಿತು, ಗಲಾಟೆಯೂ ಆಯಿತು. 2016ರಲ್ಲಿ ಹೈಕೋರ್ಟ್ ಆ 30 ದಿನದ ನಿಯಮವನ್ನು ರದ್ದು ಮಾಡಿತು. ಕೇಂದ್ರದ 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಮಾತ್ರ ಅಲ್ಲಿಯ ನಂಬರ್ ತೆಗೆದುಕೊಳ್ಳಬೇಕು. ಬ್ರೋಕರ್ ಹೇಳುವ "ಒಂದು ವರ್ಷ" ಹುಟ್ಟಿದ್ದು ಇಲ್ಲಿಂದ.

ಆದರೆ ಇದು ತನ್ನದೇ ಗಾಡಿ ತೆಗೆದುಕೊಂಡು ಪುಣೆಯಿಂದ ಬೆಂಗಳೂರಿಗೆ ವರ್ಗವಾಗಿ ಬಂದವರಿಗೆ ಹೊಂದುವ ಮಾತು. ನೀವು ಇಲ್ಲೇ ಇರುವವರು, ಗಾಡಿಯನ್ನು ಕೊಂಡವರು. ಅದೇ ಕಾಯ್ದೆಯ 50ನೇ ಸೆಕ್ಷನ್ ಕೊಂಡವರಿಗೆ 30 ದಿನ ಕೊಡುತ್ತದೆ. ಅಷ್ಟರೊಳಗೆ ನೀವಿರುವ ಕಡೆಯ ಆರ್‌ಟಿಒಗೆ ತಿಳಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಇನ್ನು ವರ್ಷಗಟ್ಟಲೆ ಹಳೆಯ ಓನರ್ ಹೆಸರಿನಲ್ಲೇ ಓಡಿಸುತ್ತೇನೆ ಅನ್ನುವವರಿಗೆ ಬೆಂಗಳೂರಿನಲ್ಲೇ ಆದ ಒಂದು ಉದಾಹರಣೆ ಇದೆ. ಇಬ್ಬರು ಬಾಲಿವುಡ್ ನಟರ ಹೆಸರಿನಲ್ಲಿ ಮಹಾರಾಷ್ಟ್ರದಲ್ಲಿ ರಿಜಿಸ್ಟರ್ ಆಗಿದ್ದ ಎರಡು ರೋಲ್ಸ್ ರಾಯ್ಸ್ ಕಾರುಗಳನ್ನು ಇಲ್ಲಿಯವರೊಬ್ಬರು ಕೊಂಡು, ಹೆಸರು ಬದಲಾಯಿಸದೆ ಓಡಿಸುತ್ತಿದ್ದರು. 2025ರ ಜುಲೈನಲ್ಲಿ ಸಾರಿಗೆ ಇಲಾಖೆ ಎರಡಕ್ಕೂ ಸೇರಿ 38 ಲಕ್ಷಕ್ಕೂ ಹೆಚ್ಚು ಕಟ್ಟಿಸಿಕೊಂಡಿತು. ಅದೇ ವರ್ಷ ಫೆಬ್ರವರಿಯಲ್ಲಿ ತೆರಿಗೆ ಕಟ್ಟದ ಸುಮಾರು 30 ಐಷಾರಾಮಿ ಕಾರುಗಳನ್ನು ಬೆಂಗಳೂರಿನಲ್ಲಿ ಜಪ್ತಿ ಮಾಡಿದ್ದರು. ನಮ್ಮ ನಿಮ್ಮ ಸ್ವಿಫ್ಟ್‌ಗೆ ಅಷ್ಟು ದೊಡ್ಡ ಸುದ್ದಿ ಆಗುವುದಿಲ್ಲ ನಿಜ, ಆದರೆ ಗಾಡಿ ಜಪ್ತಿಯಾದರೆ ಬೇಜಾರು ಒಂದೇ.

ಗಡಿ ಊರಿನವರಿಗೆ ಒಂದು ಮಾತು. ಹೊಸೂರು, ಕಾಸರಗೋಡು, ಹಿಂದೂಪುರ, ಕೊಲ್ಹಾಪುರ ಕಡೆಯ ಗಾಡಿಗಳು ದಿನಾ ಈ ಕಡೆ ಓಡಾಡುತ್ತವೆ, ಅದು ತಪ್ಪಲ್ಲ. ಒಂದು ಕಡೆ ರಿಜಿಸ್ಟರ್ ಆದ ಗಾಡಿ ದೇಶದಲ್ಲೆಲ್ಲ ಓಡಬಹುದು. ಪ್ರಶ್ನೆ ಬರುವುದು ಗಾಡಿ ಯಾವ ಊರಿನಲ್ಲಿ ಠಿಕಾಣಿ ಹೂಡಿದೆ ಅನ್ನುವುದರ ಮೇಲೆ. ಯಾರಾದರೂ ನಿಲ್ಲಿಸಿ ಕೇಳಿದರೆ ತೋರಿಸಲು ಟೋಲ್ ರಸೀದಿ, ಫಾಸ್ಟ್ಯಾಗ್ ಲೆಕ್ಕ ಇಟ್ಟುಕೊಂಡಿದ್ದರೆ ಮಾತು ಸಲೀಸು.

ಕಟ್ಟುವ ಕ್ರಮ

ಹೊರ ರಾಜ್ಯದ ಗಾಡಿಯನ್ನು ಇಲ್ಲಿಗೆ ತರಲು ಮೊದಲು ಬೇಕಾದ್ದು ಹಳೆಯ ಆರ್‌ಟಿಒದ ಎನ್‌ಒಸಿ, ಅಂದರೆ ಫಾರಂ 28. ಇದನ್ನು ಮಾರುವವರು ತಮ್ಮ ಊರಿನಲ್ಲೇ ತೆಗೆಸಿ ಕೊಡಬೇಕು. ಎನ್‌ಒಸಿಯಲ್ಲಿ ನೀವು ಗಾಡಿ ತರುವ ಆರ್‌ಟಿಒ ಹೆಸರು ಇರುತ್ತದೆ. ಹಾಗಾಗಿ ಸುಮ್ನೆ "ಬೆಂಗಳೂರು" ಅಂತ ಹೇಳಿ ಬಿಡಬೇಡಿ. ಜಯನಗರದ ಕೆಎ-05 ಆ, ಯಶವಂತಪುರದ ಕೆಎ-04 ಆ, ಕೆ.ಆರ್. ಪುರದ ಕೆಎ-53 ಆ ಅಂತ ನಿಮ್ಮ ವಿಳಾಸದ ಪುರಾವೆಗೆ ತಕ್ಕಂತೆ ಮೊದಲೇ ಬರೆದು ಕಳಿಸಿ. ಇಲ್ಲಿ ಹೆಸರು ತಪ್ಪಿದರೆ ಮತ್ತೆ ಎರಡು ಸಾವಿರ ಕಿಲೋಮೀಟರ್ ದೂರದ ಆಫೀಸಿಗೆ ಕಾಗದ ವಾಪಸ್ ಹೋಗಬೇಕು. ಬಾಕಿ ಚಲನ್, ಸಾಲದ ಎಂಟ್ರಿ ಇದ್ದರೆ ಎನ್‌ಒಸಿ ಸಿಗುವುದೇ ಕಷ್ಟ, ಒಂದು ಲೆಕ್ಕದಲ್ಲಿ ಅದು ನಿಮಗೆ ಒಳ್ಳೆಯದೇ.

ಎನ್‌ಒಸಿ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. "ಗಾಡಿ ತಗೊಂಡು ಹೋಗಿ, ಎನ್‌ಒಸಿ ಕೊರಿಯರ್ ಮಾಡ್ತೀನಿ" ಅಂದವರು ಆಮೇಲೆ ಫೋನ್ ಎತ್ತದೇ ಇದ್ದರೆ ಗಾಡಿ ನಿಮ್ಮ ಮನೆ ಮುಂದೆ ನಿಂತಿರುತ್ತದೆ, ಹೆಸರು ಅವರದ್ದೇ ಇರುತ್ತದೆ. ಒಂದಿಷ್ಟು ದೊಡ್ಡ ಮೊತ್ತವನ್ನೇ ಹಿಡಿದಿಟ್ಟುಕೊಳ್ಳಿ. ಹತ್ತು ಸಾವಿರ ಹಿಡಿದಿಟ್ಟರೆ ಅವರಿಗೆ ಬಿಸಿ ತಟ್ಟುವುದಿಲ್ಲ.

ಎನ್‌ಒಸಿ ಬಂದ ಮೇಲೆ ಪರಿವಾಹನ್ ಜಾಲತಾಣದ ವಾಹನ್ ಸೇವೆಯಲ್ಲಿ ಅರ್ಜಿ ಹಾಕಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ಹೊಸ ನಂಬರಿಗೆ ಫಾರಂ 27, ವಿಳಾಸಕ್ಕೆ ಫಾರಂ 33. ಜೊತೆಗೆ ಮೂಲ ಆರ್‌ಸಿ, ಇನ್‌ವಾಯ್ಸ್, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ನಿಮ್ಮ ವಿಳಾಸದ ಪುರಾವೆ. ಕಳ್ಳತನದ ಗಾಡಿ ಅಲ್ಲ ಅನ್ನುವುದಕ್ಕೆ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ವರದಿ ಬೇಕಾಗುತ್ತದೆ, ಆನ್‌ಲೈನಿನಲ್ಲೇ ತೆಗೆಯಬಹುದು. ತೆರಿಗೆ ಎಷ್ಟು ಅಂತ ಅಲ್ಲೇ ತೋರಿಸುತ್ತದೆ. ಕಟ್ಟುವ ಮೊದಲು ನೀವು ಮನೆಯಲ್ಲಿ ಹಾಕಿದ ಲೆಕ್ಕದ ಜೊತೆ ಹೋಲಿಸಿ ನೋಡಿ. ಮೂಲ ಬೆಲೆ ತಪ್ಪಾಗಿ ತುಂಬಿದ್ದರೆ, ಅಥವಾ ರಿಜಿಸ್ಟ್ರೇಷನ್ ತಾರೀಖು ತಪ್ಪಿದ್ದರೆ, ಮೊತ್ತದಲ್ಲಿ ಸಾವಿರಗಟ್ಟಲೆ ಹೆಚ್ಚು ಕಡಿಮೆ ಆಗುತ್ತದೆ. ಐದು ವರ್ಷ ಹನ್ನೊಂದು ತಿಂಗಳಾದ ಗಾಡಿ ಆದರೆ, ಇನ್ನೊಂದು ತಿಂಗಳು ಕಳೆದರೆ ತೆರಿಗೆ ಶೇ. 69ರಿಂದ 64ಕ್ಕೆ ಇಳಿಯುತ್ತದೆ ಅನ್ನುವುದೂ ನೆನಪಿರಲಿ. ವ್ಯಾಪಾರವನ್ನೇ ಸ್ವಲ್ಪ ತಡವಾಗಿ ಕುದುರಿಸಿದರೆ ಆಯಿತು.

ಆಮೇಲೆ ಗಾಡಿಯನ್ನು ಆರ್‌ಟಿಒಗೆ ತೆಗೆದುಕೊಂಡು ಹೋಗಬೇಕು. ಇನ್ಸ್‌ಪೆಕ್ಟರ್, ನಮ್ಮ ಜನ ಈಗಲೂ ಬ್ರೇಕ್ ಇನ್ಸ್‌ಪೆಕ್ಟರ್ ಅಂತಲೇ ಕರೆಯುವುದು, ಚಾಸಿಸ್ ನಂಬರ್ ನೋಡುತ್ತಾರೆ. ಚಾಸಿಸ್ ನಂಬರಿನ ಮೇಲೆ ಪೇಪರ್ ಟೇಪ್ ಅಂಟಿಸಿ, ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದರೆ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಆ ಟೇಪನ್ನು ಕಿತ್ತು ಅರ್ಜಿಯ ಮೇಲೆ ಅಂಟಿಸುತ್ತಾರೆ. ಕೆಲವು ಕಾರಿನಲ್ಲಿ ಈ ನಂಬರ್ ಸೀಟಿನ ಕೆಳಗೆ ಮ್ಯಾಟ್ ಅಡಿಯಲ್ಲಿ ಇರುತ್ತದೆ, ಕೆಲವುದರಲ್ಲಿ ಬಾನೆಟ್ ಒಳಗೆ ಗ್ಲಾಸಿನ ಕಡೆಯ ತಗಡಿನ ಮೇಲೆ. ಕೊಳ್ಳುವ ದಿನವೇ ಹುಡುಕಿ, ಬಟ್ಟೆಯಲ್ಲಿ ಒರೆಸಿ, ಫೋಟೋ ತೆಗೆದು, ಆರ್‌ಸಿಯ ನಂಬರ್ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. ತುಕ್ಕು ಹಿಡಿದು ಓದಲು ಬಾರದಂತಿದ್ದರೆ, ಅಂಕಿಗಳ ಸುತ್ತ ಬೇರೆ ಬಣ್ಣದ ಪೇಂಟ್ ಇದ್ದರೆ, ಆ ಗಾಡಿ ಬೇಡ. ತೆರಿಗೆ ಕಟ್ಟಿದ ಮೇಲೆ ಇನ್ಸ್‌ಪೆಕ್ಟರ್ ಮುಂದೆ ಇದು ಗೊತ್ತಾದರೆ ಗತಿ ಏನು?

ಎಲ್ಲ ಸರಿಯಿದ್ದರೆ ಹೊಸ ಕೆಎ ನಂಬರ್ ಸಿಗುತ್ತದೆ. ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿ, ಫಾಸ್ಟ್ಯಾಗ್ ಹೊಸ ನಂಬರಿಗೆ ಮಾಡಿಸಿ.

ಹಳೆಯ ರಾಜ್ಯದಿಂದ ರೀಫಂಡ್

ಹಳೆಯ ರಾಜ್ಯಕ್ಕೆ ಪೂರ್ತಿ ಅವಧಿಯ ತೆರಿಗೆ ಕಟ್ಟಿ, ಗಾಡಿ ಮಧ್ಯದಲ್ಲೇ ಹೊರಗೆ ಹೋದರೆ ಉಳಿದ ವರ್ಷದ ಪಾಲನ್ನು ವಾಪಸ್ ಕೇಳಬಹುದು. ಕರ್ನಾಟಕವೂ ಕೊಡುತ್ತದೆ, ಇಲ್ಲಿಯ ಗಾಡಿಯನ್ನು ಹೊರಗೆ ಮಾರಿದವರು ಇದನ್ನು ಮರೆಯಬೇಡಿ. ಹೊಸ ರಾಜ್ಯದಲ್ಲಿ ರಿಜಿಸ್ಟರ್ ಆದ ಆರ್‌ಸಿ, ಅಲ್ಲಿ ತೆರಿಗೆ ಕಟ್ಟಿದ ರಸೀದಿ ತೋರಿಸಿದ ಮೇಲೆ ಮಾತ್ರ ಹಳೆಯ ಆರ್‌ಟಿಒ ಅರ್ಜಿ ತೆಗೆದುಕೊಳ್ಳುತ್ತದೆ. ಅಂದರೆ ಮೊದಲು ಇಲ್ಲಿ ಪೂರ್ತಿ ಕಟ್ಟಿ, ಆಮೇಲೆ ಅಲ್ಲಿಂದ ಬರುವುದಕ್ಕೆ ಕಾಯಬೇಕು. ತಿಂಗಳುಗಟ್ಟಲೆ ಕಾಯಬೇಕಾದೀತು.

ಆ ದುಡ್ಡು ಯಾರಿಗೆ ಅನ್ನುವುದು ಜಗಳದ ಮೂಲ. ಅಲ್ಲಿ ತೆರಿಗೆ ಕಟ್ಟಿದ್ದು ಮಾರಿದವರು, ಹೊಸ ರಾಜ್ಯದ ಕಾಗದ ಇರುವುದು ನಿಮ್ಮ ಹತ್ತಿರ. ಇಬ್ಬರ ಸಹಕಾರ ಇಲ್ಲದೆ ಆಗುವ ಕೆಲಸ ಅಲ್ಲ ಇದು. ಹಾಗಾಗಿ ವ್ಯಾಪಾರದ ದಿನವೇ ರೀಫಂಡ್ ಯಾರಿಗೆ ಸೇರಬೇಕು ಅಂತ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ನನ್ನ ಸಲಹೆ: ರೀಫಂಡ್ ಅವರಿಗೇ ಬಿಟ್ಟು, ಅದರ ಬದಲು ಗಾಡಿಯ ಬೆಲೆಯಲ್ಲಿ ಇಳಿಸಿಕೊಳ್ಳಿ. ದೂರದ ಊರಿನ ಆಫೀಸಿನ ಬಾಗಿಲು ಕಾಯುವುದು ಅವರ ಪಾಲಿಗಿರಲಿ. ರೀಫಂಡ್ ಬಂದರೆ ಇಲ್ಲಿ ಕಟ್ಟಿದ್ದೆಲ್ಲ ಸರಿಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ದೆಹಲಿಯಲ್ಲಿ 10 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಶೇ. 10 ತೆರಿಗೆ, ನಮ್ಮಲ್ಲಿ ಸೆಸ್ ಸೇರಿ ಶೇ. 19ರ ಹತ್ತಿರ. ಅಲ್ಲಿ ಕಟ್ಟಿದ್ದೇ ಕಡಿಮೆ, ಅದರಲ್ಲಿ ಉಳಿದ ಪಾಲು ಇನ್ನೂ ಕಡಿಮೆ.

ಬಿಎಚ್, ಯೆಲ್ಲೋ ಬೋರ್ಡ್, 15 ವರ್ಷ ದಾಟಿದ್ದು

ಬಿಎಚ್ ಸೀರೀಸ್ 2021ರಲ್ಲಿ ಬಂತು. ಪದೇ ಪದೇ ವರ್ಗ ಆಗುವ ಸರ್ಕಾರಿ ನೌಕರರು, ಹಲವು ರಾಜ್ಯಗಳಲ್ಲಿ ಆಫೀಸ್ ಇರುವ ಕಂಪನಿಯವರು ಇದನ್ನು ತೆಗೆದುಕೊಳ್ಳುತ್ತಾರೆ. ಇದರಲ್ಲಿ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತಾ ಹೋಗಬೇಕು. ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಕೊನೆಯ ಕಂತು ಯಾವಾಗ ಮುಗಿಯುತ್ತದೆ, ಬಾಕಿ ಇದೆಯಾ ಅಂತ. ತಡವಾದರೆ ದಿನಕ್ಕೆ 100 ರೂಪಾಯಿ ಲೆಕ್ಕದಲ್ಲಿ ಬೆಳೆಯುತ್ತದೆ, ವರ್ಷ ಮರೆತವರ ಬಾಕಿ ಎಷ್ಟಾಗಿರುತ್ತದೆ ನೀವೇ ಊಹಿಸಿ. ಇನ್ನೊಂದು, ನಿಮಗೆ ಬಿಎಚ್ ಅರ್ಹತೆ ಇದೆಯಾ? ಇಲ್ಲದಿದ್ದರೆ ಗಾಡಿ ಕೆಎ ನಂಬರಿಗೆ ಬದಲಾಗಬೇಕು, ಆಗ ವಯಸ್ಸಿಗೆ ತಕ್ಕ ಲೈಫ್ ಟೈಮ್ ಟ್ಯಾಕ್ಸ್ ನಿಮ್ಮ ಮೇಲೆ ಬೀಳುತ್ತದೆ. ಅಂದರೆ ಬೆಂಗಳೂರಿನಲ್ಲೇ ಕೊಂಡು ಬೆಂಗಳೂರಿನಲ್ಲೇ ಓಡಿದ ಗಾಡಿ ಆದರೂ ಲೆಕ್ಕ ಮಾತ್ರ ಹೊರ ರಾಜ್ಯದ ಗಾಡಿಯ ಹಾಗೇ.

ಟ್ಯಾಕ್ಸಿ ಆಗಿದ್ದ ಯೆಲ್ಲೋ ಬೋರ್ಡ್ ಗಾಡಿಯನ್ನು ವೈಟ್ ಬೋರ್ಡ್ ಮಾಡಿಸಿ ಓಡಿಸುತ್ತೇನೆ ಅನ್ನುವವರು, ಆ ಕೆಲಸವನ್ನು ಮಾರುವವರಿಂದಲೇ ಮಾಡಿಸಿಕೊಂಡು ಆಮೇಲೆ ಕೊಳ್ಳಿ. ಪರ್ಮಿಟ್ ಸರೆಂಡರ್ ಆಗಬೇಕು, ಸಾಲ ಇದ್ದರೆ ಬ್ಯಾಂಕ್ ಒಪ್ಪಬೇಕು, ತೆರಿಗೆಯ ವ್ಯತ್ಯಾಸ ಕಟ್ಟಬೇಕು. ಎಲ್ಲ ನಿಮ್ಮ ತಲೆಗೆ ಬಂದರೆ ಅಗ್ಗಕ್ಕೆ ಸಿಕ್ಕಿದ್ದು ಅಗ್ಗ ಆಗಿ ಉಳಿಯುವುದಿಲ್ಲ.

15 ವರ್ಷ ಮುಗಿದ ಕೆಎ ಗಾಡಿಗೆ ಮತ್ತೆ ಲೈಫ್ ಟೈಮ್ ಟ್ಯಾಕ್ಸ್ ಇಲ್ಲ. ಆದರೆ ಫಾರಂ 25ರಲ್ಲಿ ಆರ್‌ಸಿ ನವೀಕರಣ ಆಗಬೇಕು, ಅದು ಐದೈದು ವರ್ಷಕ್ಕೆ. 2022ರ ಏಪ್ರಿಲ್‌ನಿಂದ ಕಾರಿಗೆ ಅದರ ಶುಲ್ಕ 5000 ರೂಪಾಯಿ, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವುಗಳಿಗೆ 10,000 ಮಾಡಿದರು. ಹಸಿರು ತೆರಿಗೆ ಅಂತ ಸಣ್ಣದೊಂದು ಮೊತ್ತವೂ ಸೇರುತ್ತದೆ. ಲಕ್ಷ ರೂಪಾಯಿ ಒಳಗಿನ ಹಳೆಯ ಮಾರುತಿ ಕೊಳ್ಳುವವರಿಗೆ ಇದು ಸಣ್ಣ ಮೊತ್ತ ಅಲ್ಲ. ನವೀಕರಣ ಆಗಿದೆಯಾ, ಆಗಬೇಕಾ ಅಂತ ಕೇಳಿಯೇ ಬೆಲೆ ಮಾತಾಡಿ.

ಸಹಿ ಹಾಕಿದ ಖಾಲಿ ಫಾರಂ

ಮಾರುವವರು ಫಾರಂ 29, 30ಕ್ಕೆ ಸಹಿ ಹಾಕಿ, ಕೊಳ್ಳುವವರ ಹೆಸರು ಖಾಲಿ ಬಿಟ್ಟು ಬ್ರೋಕರ್ ಕೈಗೆ ಕೊಡುವುದು ನಮ್ಮಲ್ಲಿ ಮಾಮೂಲಿ. ಅವರು ಇನ್ನೊಬ್ಬ ಬ್ರೋಕರ್‌ಗೆ ಕೊಡುತ್ತಾರೆ, ಅಲ್ಲಿಂದ ನಿಮ್ಮ ಹತ್ತಿರ ಬರುತ್ತದೆ. ಈ ನಡುವೆ ತೆರಿಗೆ, ಚಲನ್, ಆಕ್ಸಿಡೆಂಟ್ ಏನೇ ಆದರೂ ಕೇಳುವುದು ಆರ್‌ಸಿಯಲ್ಲಿ ಹೆಸರಿರುವವರನ್ನೇ. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು: ಗಾಡಿ ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಓನರ್. ಮಾರುವವರು ನೀವಾಗಿದ್ದರೆ ಇದು ನಿಮಗೆ ಹೆದರಿಕೆ ಹುಟ್ಟಿಸಬೇಕು. ಕೊಳ್ಳುವವರಾಗಿದ್ದರೆ, ಆರ್‌ಸಿಯಲ್ಲಿ ಹೆಸರಿರುವ ವ್ಯಕ್ತಿಯ ಜೊತೆ ಒಂದು ಸಲ ಫೋನಿನಲ್ಲಾದರೂ ಮಾತಾಡಿ. ಆಧಾರ್‌ಗೆ ಬರುವ ಒಟಿಪಿ ಕೊಡಲು ಅವರು ಬೇಕೇ ಬೇಕು. ಅವರು ತೀರಿಕೊಂಡಿದ್ದರೆ ಫಾರಂ 29, 30 ನಡೆಯುವುದಿಲ್ಲ, ವಾರಸುದಾರರು ಮೊದಲು ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಂಡು ಆಮೇಲೆ ನಿಮಗೆ ಮಾರಬೇಕು.

2023ರ ಏಪ್ರಿಲ್‌ನಿಂದ ಸೆಕೆಂಡ್ ಹ್ಯಾಂಡ್ ಡೀಲರ್‌ಗಳು ಆರ್‌ಟಿಒದಿಂದ ಅಧಿಕೃತ ಪತ್ರ ಪಡೆಯಬೇಕು, ಗಾಡಿ ತಮ್ಮ ಕೈಗೆ ಬಂದ ಕೂಡಲೇ ಫಾರಂ 29ಸಿಯಲ್ಲಿ ತಿಳಿಸಬೇಕು ಅನ್ನುವ ಕೇಂದ್ರದ ನಿಯಮ ಇದೆ. ಡೀಲರ್ ಹತ್ತಿರ ಕೊಳ್ಳುವುದಾದರೆ ಆ ಪತ್ರ ಇದೆಯಾ ಅಂತ ಕೇಳಿ. ಇದ್ದವರು ತೋರಿಸುತ್ತಾರೆ. ಇಲ್ಲದವರು ಟೀ ತರಿಸುತ್ತಾರೆ.

ಚಲನ್ ಬಾಕಿಯನ್ನೂ ಅದೇ ದಿನ ನೋಡಿಬಿಡಿ. ರಾಜ್ಯ ಸರ್ಕಾರ 2023ರಲ್ಲೂ 2025ರಲ್ಲೂ ಅರ್ಧ ದಂಡದ ರಿಯಾಯಿತಿ ಕೊಟ್ಟಿತ್ತು, ಹಾಗಾಗಿ ಮುಂದಿನ ರಿಯಾಯಿತಿಗೆ ಕಾಯುತ್ತಾ ಕಟ್ಟದೇ ಕೂತವರೂ ಇದ್ದಾರೆ. ಅವರ ದಂಡ ನಿಮಗೆ ಯಾಕೆ? ಗಾಡಿಯ ಬೆಲೆಯಲ್ಲಿ ಕಳೆದುಕೊಳ್ಳಿ, ಇಲ್ಲವೇ ನಿಮ್ಮ ಎದುರೇ ಕಟ್ಟಿಸಿ.

ಗಾಡಿ ಕೊಂಡ 14 ದಿನದೊಳಗೆ ಇನ್ಶೂರೆನ್ಸ್ ಕೂಡ ನಿಮ್ಮ ಹೆಸರಿಗೆ ಅಂತ ಅರ್ಜಿ ಕೊಡಿ. ಹಳೆಯ ಓನರ್‌ನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ. ಆ ವ್ಯತ್ಯಾಸದ ಪ್ರೀಮಿಯಂ ಕಟ್ಟಿಸಿಕೊಂಡ ಮೇಲೆ ಕಂಪನಿ ಪಾಲಿಸಿಯಲ್ಲಿ ನಿಮ್ಮ ಹೆಸರು ಹಾಕಿಕೊಡುತ್ತದೆ. ಹೊರ ರಾಜ್ಯದ ಗಾಡಿ ಆದರೆ ಕೆಎ ನಂಬರ್ ಬಂದ ಮೇಲೆ ಆ ನಂಬರನ್ನೂ ಪಾಲಿಸಿಯಲ್ಲಿ ತಿದ್ದಿಸಿ.